ಒಟಿಪಿ ಹೇಳದವರ ಹಣವೂ ಹೋಗುತ್ತದೆ

ಕಾರ್ಡಿನಿಂದ ದುಡ್ಡು ಹೋಯಿತು ಎಂದು ಬ್ಯಾಂಕಿನ ಮೆಟ್ಟಿಲು ಹತ್ತಿದವರಿಗೆ ಮೊದಲು ಎದುರಾಗುವ ಪ್ರಶ್ನೆ ಎಲ್ಲ ಊರಲ್ಲೂ ಒಂದೇ: "ಯಾರಿಗಾದ್ರೂ ಒಟಿಪಿ ಹೇಳಿದ್ರಾ?" ಇಲ್ಲ ಎಂದರೆ ಮುಂದಿನದು: "ಪಿನ್ ಯಾರಿಗಾದ್ರೂ ಕೊಟ್ಟಿದ್ರಾ? ಯಾವುದಾದ್ರೂ ಲಿಂಕ್ ಒತ್ತಿದ್ರಾ?" ಕೇಳುವ ಸಿಬ್ಬಂದಿಯ ಮನಸ್ಸಿನಲ್ಲಿ ಕೆಡುಕಿರುವುದಿಲ್ಲ. ಹೆಚ್ಚಿನ ಮೋಸ ನಡೆಯುವುದೇ ಹಾಗೆ ಎಂಬುದು ಅವರ ಅನುಭವ. ಆದರೆ ಏನನ್ನೂ ಹೇಳದ, ಯಾವುದನ್ನೂ ಒತ್ತದ ಮನುಷ್ಯ ಆ ಕೌಂಟರಿನಿಂದ ತಾನೇ ತಪ್ಪಿತಸ್ಥನೆಂಬಂತೆ ತಲೆ ತಗ್ಗಿಸಿಕೊಂಡು ಹೊರಬರುತ್ತಾನೆ. ಮನೆಗೆ ಬಂದರೆ ಮಕ್ಕಳೂ ಅದೇ ಪ್ರಶ್ನೆ ಕೇಳುತ್ತಾರೆ. ಹೋದ ದುಡ್ಡಿನ ಜೊತೆಗೆ ದಡ್ಡ ಎಂಬ ಹೆಸರೂ ಅಂಟಿಕೊಳ್ಳುತ್ತದೆ.

ತುಮಕೂರು–ಕುಣಿಗಲ್ ರಸ್ತೆಯ ಹೆಬ್ಬೂರಿನಂಥ ಹೋಬಳಿ ಕೇಂದ್ರದಲ್ಲಿ ಈಗ ಕಾರ್ಡಿಲ್ಲದ ಮನೆ ಹುಡುಕುವುದು ಕಷ್ಟ. 2014ರ ಆಗಸ್ಟ್ 28ರಂದು ಜನಧನ್ ಯೋಜನೆ ಶುರುವಾದ ಮೇಲೆ, ಪಾಸ್‌ಬುಕ್ಕನ್ನು ಬಿಟ್ಟರೆ ಬೇರೇನನ್ನೂ ಕಂಡಿರದ ಮನೆಗಳಿಗೂ ರುಪೇ ಡೆಬಿಟ್ ಕಾರ್ಡು ಬಂತು. ಕೊಬ್ಬರಿ, ಅಡಿಕೆ ಮಾರಿದ ಹಣ, ಪಿಂಚಣಿ, ಹಾಲಿನ ಬಟವಾಡೆ ಎಲ್ಲವೂ ಆ ಕಾರ್ಡಿನ ಹಿಂದಿರುವ ಖಾತೆಗೇ ಬೀಳುತ್ತವೆ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನೂ ಯುಪಿಐಗೆ ಜೋಡಿಸಬಹುದು. ಕಿರಾಣಿ ಅಂಗಡಿಯ ಕ್ಯುಆರ್ ಕೋಡಿಗೆ ಫೋನು ತೋರಿಸಿ ಸಾಲದಲ್ಲಿ ಸಕ್ಕರೆ, ಎಣ್ಣೆ ತರಬಹುದು. ಕಾರ್ಡು ಹಳ್ಳಿಗೆ ಬಂದಿದೆ. ಅದರ ಮಾಹಿತಿ ಎಲ್ಲೆಲ್ಲಿ ಹೋಗಿ ಕೂರುತ್ತದೆ ಎಂಬ ತಿಳಿವಳಿಕೆ ಮಾತ್ರ ಜೊತೆಗೆ ಬಂದಿಲ್ಲ.

ದೊಡ್ಡ ಕಳವುಗಳು ನಡೆದಿರುವುದು ನಮ್ಮ ಜೇಬಿನಲ್ಲಿ ಅಲ್ಲ. ನಾವು ಹೆಸರೂ ಕೇಳಿರದ ಕಂಪನಿಗಳ ಕಂಪ್ಯೂಟರುಗಳಲ್ಲಿ. ಅಂಥ ಒಂದು ಪ್ರಕರಣದ ಎಳೆ ನಮ್ಮ ಬೆಂಗಳೂರಿಗೇ ಬಂದು ಮುಟ್ಟುತ್ತದೆ.

2013ರ ಫೆಬ್ರುವರಿ 19ರ ಮಧ್ಯಾಹ್ನ 3 ಗಂಟೆ. ನ್ಯೂಯಾರ್ಕ್ ನಗರದಲ್ಲಿ ಕೆಲವು ಯುವಕರು ಬೆನ್ನಿಗೆ ಚೀಲ ಹಾಕಿಕೊಂಡು ಒಂದು ಎಟಿಎಂನಿಂದ ಇನ್ನೊಂದಕ್ಕೆ ನಡೆಯತೊಡಗಿದರು. ಮಧ್ಯರಾತ್ರಿ ಕಳೆದು 1 ಗಂಟೆ 26 ನಿಮಿಷದ ಹೊತ್ತಿಗೆ ಆ ತಂಡ 2,904 ಸಲ ಹಣ ತೆಗೆದಿತ್ತು. ಚೀಲಗಳಲ್ಲಿ ಸುಮಾರು 24 ಲಕ್ಷ ಡಾಲರ್ ತುಂಬಿತ್ತು. ಅದೇ ಹೊತ್ತಿನಲ್ಲಿ 24 ದೇಶಗಳ ಎಟಿಎಂಗಳಿಂದ ಒಟ್ಟು 36,000 ಸಲ ಹಣ ಹೊರಬಂತು. ಮೊತ್ತ 4 ಕೋಟಿ ಡಾಲರ್, ಅಂದಿನ ಲೆಕ್ಕದಲ್ಲಿ 200 ಕೋಟಿ ರೂಪಾಯಿಗೂ ಹೆಚ್ಚು. ಇಷ್ಟಕ್ಕೂ ಬಳಕೆಯಾದದ್ದು ಬರೀ 12 ಕಾರ್ಡ್ ಖಾತೆಗಳು. ಅವು ಒಮಾನ್ ದೇಶದ ಬ್ಯಾಂಕ್ ಮಸ್ಕತ್ತಿನ ಪ್ರಿಪೇಯ್ಡ್ ಕಾರ್ಡುಗಳು. ಎರಡು ತಿಂಗಳ ಹಿಂದೆ, 2012ರ ಡಿಸೆಂಬರಿನಲ್ಲಿ, ಇದೇ ಜಾಲ ಯುಎಇಯ ರಾಕ್‌ಬ್ಯಾಂಕಿನ ಕಾರ್ಡುಗಳಿಂದ 50 ಲಕ್ಷ ಡಾಲರ್ ಎತ್ತಿತ್ತು.

2013ರ ಮೇ 9ರಂದು ಬ್ರೂಕ್ಲಿನ್‌ನಲ್ಲಿ ಅಮೆರಿಕದ ಸರಕಾರಿ ಅಭಿಯೋಜಕಿ ಲೊರೆಟ್ಟಾ ಲಿಂಚ್ ಈ ಪ್ರಕರಣವನ್ನು ಬಯಲಿಗಿಟ್ಟರು. ಕಳ್ಳರು ಬ್ಯಾಂಕಿನೊಳಗೆ ನುಗ್ಗಿರಲಿಲ್ಲ. ಬ್ಯಾಂಕುಗಳ ಪರವಾಗಿ ಕಾರ್ಡುಗಳ ಲೆಕ್ಕ ನೋಡಿಕೊಳ್ಳುವ ಕಂಪನಿಗಳ ಒಳಗೆ ಹೊಕ್ಕಿದ್ದರು. ದೋಷಾರೋಪ ಪಟ್ಟಿಯಲ್ಲಿ ಆ ಕಂಪನಿಗಳ ಹೆಸರಿರಲಿಲ್ಲ. ಸುದ್ದಿಸಂಸ್ಥೆಗಳು ಎರಡನ್ನು ಹೆಸರಿಸಿದವು: ರಾಕ್‌ಬ್ಯಾಂಕಿನ ಕಾರ್ಡು ನೋಡುತ್ತಿದ್ದ ಪುಣೆಯ ಎಲೆಕ್ಟ್ರಾಕಾರ್ಡ್ ಸರ್ವಿಸಸ್, ಮತ್ತು ಬ್ಯಾಂಕ್ ಮಸ್ಕತ್ತಿನ ಕಾರ್ಡು ನೋಡುತ್ತಿದ್ದ ಎನ್‌ಸ್ಟೇಜ್. ಎರಡನೆಯದರ ವಿಳಾಸ ಕ್ಯಾಲಿಫೋರ್ನಿಯಾದ್ದು, ಮುಖ್ಯ ಕೆಲಸ ನಡೆಯುತ್ತಿದ್ದದ್ದು ಬೆಂಗಳೂರಿನಲ್ಲಿ. ಒಳಹೊಕ್ಕವರು ಕಾರ್ಡಿನ ವಿವರ ಕದ್ದದ್ದಷ್ಟೇ ಅಲ್ಲ, ಆ ಖಾತೆಗಳಿಂದ ಎಷ್ಟು ಹಣ ತೆಗೆಯಬಹುದೆಂಬ ಮಿತಿಯನ್ನೇ ಅಳಿಸಿಹಾಕಿದ್ದರು. ಜಾಲದ ಮುಖ್ಯಸ್ಥರಲ್ಲಿ ಒಬ್ಬನಾದ ಟರ್ಕಿಯ ಎರ್ಜಾನ್ ಫಿಂದಿಕೋಗ್ಲು ಜರ್ಮನಿಯಲ್ಲಿ ಸಿಕ್ಕಿಬಿದ್ದು, 2017ರಲ್ಲಿ ಅಮೆರಿಕದ ನ್ಯಾಯಾಲಯದಿಂದ 8 ವರ್ಷಗಳ ಶಿಕ್ಷೆ ಪಡೆದ.

ಅಷ್ಟು ದೇಶಗಳಲ್ಲಿ ಅಷ್ಟು ನಕಲಿ ಕಾರ್ಡು ಹೇಗೆ ಹುಟ್ಟಿದವು? ಕಾರ್ಡಿನ ಹಿಂಬದಿಯಲ್ಲಿ ಕಪ್ಪು ಪಟ್ಟಿಯೊಂದಿರುತ್ತದಲ್ಲ, ಗುಟ್ಟು ಅಲ್ಲಿದೆ. ಆ ಆಯಸ್ಕಾಂತ ಪಟ್ಟಿಯಲ್ಲಿ ಕಾರ್ಡಿನ ಸಂಖ್ಯೆ, ಅವಧಿ ಮುಗಿಯುವ ತಿಂಗಳು, ಒಂದೆರಡು ಸಂಕೇತಗಳು ಬರೆದಿರುತ್ತವೆ. ಅವು ಎಂದಿಗೂ ಬದಲಾಗುವುದಿಲ್ಲ. ಆ ಸಾಲನ್ನು ಓದಿದವರು ಪಟ್ಟಿಯಿರುವ ಯಾವ ಪ್ಲಾಸ್ಟಿಕ್ಕಿನ ಮೇಲಾದರೂ ಅದನ್ನು ಬರೆಯಬಹುದು. ನ್ಯೂಯಾರ್ಕಿನ ಪ್ರಕರಣದಲ್ಲಿ ಹೋಟೆಲ್ ಕೋಣೆಯ ಹಳೇ ಕೀಲಿ ಕಾರ್ಡೂ ಸಾಕಾಗುತ್ತಿತ್ತು. ಅಲ್ಲಿನ ಎಟಿಎಂ ಆಗ ಪಟ್ಟಿಯನ್ನಷ್ಟೇ ನೋಡುತ್ತಿತ್ತು. ಪಿನ್ ಸರಿಯಿದ್ದರೆ ಹಣ ಎಣಿಸುತ್ತಿತ್ತು.

ಚಿಪ್ ಬಂದದ್ದು ಇದಕ್ಕಾಗಿ. ಮುಂಭಾಗದ ಹೊಂಬಣ್ಣದ ಚೌಕದೊಳಗೆ ಒಂದು ಪುಟ್ಟ ಕಂಪ್ಯೂಟರೇ ಇದೆ. ಅದರಲ್ಲಿರುವ ಗುಪ್ತ ಕೀಲಿ ಹೊರಗೆ ಬರುವುದಿಲ್ಲ. ಪ್ರತಿ ವಹಿವಾಟಿಗೂ ಆ ಕೀಲಿಯಿಂದ ಹೊಸದೊಂದು ಸಂಕೇತ ಹುಟ್ಟುತ್ತದೆ, ಅದು ಆ ವಹಿವಾಟಿಗಷ್ಟೇ ಸಲ್ಲುತ್ತದೆ. ನಡುವೆ ಯಾರಾದರೂ ಕದ್ದುಕೊಂಡರೂ ಮರುಬಳಕೆಗೆ ಬಾರದು. 2018ರ ಡಿಸೆಂಬರ್ 31ರೊಳಗೆ ಬರೀ ಪಟ್ಟಿಯ ಕಾರ್ಡುಗಳನ್ನೆಲ್ಲ ಚಿಪ್ ಕಾರ್ಡುಗಳಾಗಿ ಬದಲಾಯಿಸಬೇಕೆಂದು ರಿಸರ್ವ್ ಬ್ಯಾಂಕ್ ಗಡುವು ಹಾಕಿತ್ತು. ಆಗ ಹೆಬ್ಬೂರು ಕಡೆಯ ಎಷ್ಟೋ ಜನ "ಹಳೇ ಕಾರ್ಡು ಚೆನ್ನಾಗೇ ಇತ್ತಲ್ಲ, ಯಾಕೆ ಬದಲಾಯಿಸಿದ್ರು?" ಎಂದು ಗೊಣಗಿದ್ದುಂಟು. ಚೆನ್ನಾಗಿರಲಿಲ್ಲ. ಅದು ಬದಲಾದದ್ದು ಅವರ ಒಳ್ಳೆಯದಕ್ಕೇ.

ಆ ಗಡುವಿಗೆ ಮೊದಲೇ ನಮ್ಮ ದೇಶ ಒಂದು ದೊಡ್ಡ ಪೆಟ್ಟು ತಿಂದಿತ್ತು. 2016ರ ಮೇ ತಿಂಗಳಿಂದ ಜುಲೈವರೆಗೆ, ಯೆಸ್ ಬ್ಯಾಂಕಿನ ಎಟಿಎಂ ಜಾಲ ನಡೆಸುತ್ತಿದ್ದ ಹಿಟಾಚಿ ಪೇಮೆಂಟ್ ಸರ್ವಿಸಸ್ ಕಂಪನಿಯ ವ್ಯವಸ್ಥೆಯಲ್ಲಿ ಕಳ್ಳ ತಂತ್ರಾಂಶ ಕೂತಿತ್ತು. ಆ ಎಟಿಎಂಗಳಲ್ಲಿ ಯಾವ ಬ್ಯಾಂಕಿನ ಕಾರ್ಡು ಹಾಕಿದ್ದರೂ ಅದರ ವಿವರ ಕಳ್ಳರ ಕೈ ಸೇರುವ ಹಾಗಿತ್ತು. 32 ಲಕ್ಷ ಡೆಬಿಟ್ ಕಾರ್ಡುಗಳು ಅಪಾಯಕ್ಕೆ ಒಳಗಾದವು. ಸ್ಟೇಟ್ ಬ್ಯಾಂಕ್ ಒಂದೇ ಸುಮಾರು 6 ಲಕ್ಷ ಕಾರ್ಡುಗಳನ್ನು ನಿಲ್ಲಿಸಿ ಹೊಸದು ಕೊಟ್ಟಿತು. ನಿಜಕ್ಕೂ ಹಣ ಕಳೆದುಕೊಂಡವರು 19 ಬ್ಯಾಂಕುಗಳ 641 ಗ್ರಾಹಕರು, ಮೊತ್ತ 1.3 ಕೋಟಿ ರೂಪಾಯಿ ಎಂದು ರಾಷ್ಟ್ರೀಯ ಪಾವತಿ ನಿಗಮ ಹೇಳಿತು. ತನಿಖೆಗೆ ಕರೆಸಿಕೊಂಡದ್ದು ಬೆಂಗಳೂರಿನ ಸಿಸಾ ಎಂಬ ಭದ್ರತಾ ಸಂಸ್ಥೆಯನ್ನು.

ಈ ಪ್ರಕರಣದಲ್ಲಿ ನನಗೆ ಇಂದಿಗೂ ಸಿಟ್ಟು ತರಿಸುವುದು ಮೊತ್ತವಲ್ಲ, ತಿಂಗಳುಗಳ ಲೆಕ್ಕ. ಕಳವು ನಡೆದದ್ದು ಮೇ–ಜುಲೈನಲ್ಲಿ. ಜನರಿಗೆ ಸುದ್ದಿ ಮುಟ್ಟಿದ್ದು ಅಕ್ಟೋಬರ್ 20ರ ಹೊತ್ತಿಗೆ, ಅದೂ ಪತ್ರಿಕೆಗಳಿಂದ. ತಮ್ಮ ಕಾರ್ಡು ನಿಂತುಹೋಗಿದೆ ಎಂದು ಎಷ್ಟೋ ಮಂದಿಗೆ ಗೊತ್ತಾದದ್ದು ಎಟಿಎಂ ಮುಂದೆ ನಿಂತಾಗ. ಆ 641 ಮಂದಿ ಒಟಿಪಿ ಹೇಳಿರಲಿಲ್ಲ, ಲಿಂಕ್ ಒತ್ತಿರಲಿಲ್ಲ. ಅವರು ಮಾಡಿದ್ದು ಎಟಿಎಂನಲ್ಲಿ ತಮ್ಮದೇ ಹಣ ತೆಗೆದದ್ದು.

ಇನ್ನೊಂದು ಪ್ರಕರಣ ಪೂರ್ತಿ ಬೆಂಗಳೂರಿನದೇ. ಆನ್‌ಲೈನ್ ಅಂಗಡಿಗಳಿಗೂ ಬ್ಯಾಂಕುಗಳಿಗೂ ನಡುವೆ ಪಾವತಿಯನ್ನು ದಾಟಿಸುವ ಜಸ್ಪೇ ಎಂಬ ಕಂಪನಿಯ ಸರ್ವರಿಗೆ 2020ರ ಆಗಸ್ಟ್ 18ರಂದು ಯಾರೋ ನುಗ್ಗಿದರು. ಬಳಸದೆ ಹಾಗೇ ಉಳಿದಿದ್ದ ಹಳೆಯ ಪ್ರವೇಶ ಕೀಲಿಯೊಂದು ಅವರಿಗೆ ದಾರಿಯಾಯಿತು. ವಿಷಯ ಹೊರಬಂದದ್ದು 2021ರ ಜನವರಿಯಲ್ಲಿ. ಆ ಮಾಹಿತಿ ಕಳ್ಳಸಂತೆಯಲ್ಲಿ ಮಾರಾಟಕ್ಕಿದೆ ಎಂದು ಸೈಬರ್ ಭದ್ರತಾ ಸಂಶೋಧಕ ರಾಜಶೇಖರ್ ರಾಜಹರಿಯಾ ತೋರಿಸಿದ ಮೇಲೆ. ಪೂರ್ತಿ ಕಾರ್ಡ್ ಸಂಖ್ಯೆ, ಪಿನ್, ಪಾಸ್‌ವರ್ಡ್ ಯಾವುದೂ ಹೋಗಿಲ್ಲ. ಹೋದದ್ದು ಒಂದಷ್ಟು ಇಮೇಲ್ ವಿಳಾಸ, ಫೋನ್ ನಂಬರು ಮತ್ತು ನಡುವಿನ ಅಂಕಿಗಳನ್ನು ಮರೆಮಾಡಿದ ಸುಮಾರು 3.5 ಕೋಟಿ ಕಾರ್ಡ್ ದಾಖಲೆಗಳು ಎಂದು ಕಂಪನಿ ಹೇಳಿತು.

ಮರೆಮಾಡಿದ ಸಂಖ್ಯೆ ಎಂದರೆ ಸಮಾಧಾನ ಪಡಬಹುದೇ? ನಿಮ್ಮ ಕಾರ್ಡನ್ನೇ ಕೈಗೆ ತೆಗೆದುಕೊಂಡು ನೋಡಿ. 16 ಅಂಕಿಗಳಲ್ಲಿ ಮೊದಲ ಆರು ನಿಮ್ಮವಲ್ಲ. ಅವು ಯಾವ ಬ್ಯಾಂಕು, ಯಾವ ಬಗೆಯ ಕಾರ್ಡು ಎಂದು ಹೇಳುತ್ತವೆ. 4ರಿಂದ ಶುರುವಾದರೆ ವೀಸಾ, ರುಪೇ ಕಾರ್ಡುಗಳು ಸಾಮಾನ್ಯವಾಗಿ 6ರಿಂದ. ಇವೇನೂ ಗುಟ್ಟಲ್ಲ. ಕೊನೆಯ ನಾಲ್ಕು ಅಂಕಿ ರಶೀದಿ, ಸಂದೇಶಗಳಲ್ಲೆಲ್ಲ ಕಾಣುತ್ತವೆ. ಉಳಿದವು ನಡುವಿನ ಆರು. ಆರು ಅಂಕಿಗೆ 10 ಲಕ್ಷ ಸಾಧ್ಯತೆ. ಆದರೆ ಕಾರ್ಡಿನ ಕಟ್ಟಕಡೆಯ ಅಂಕಿ ಮಿಕ್ಕ ಹದಿನೈದನ್ನು ತಾಳೆ ನೋಡುವ ಅಂಕಿ. ಐಬಿಎಂನ ಹ್ಯಾನ್ಸ್ ಪೀಟರ್ ಲೂನ್ 1950ರ ದಶಕದಲ್ಲಿ ಕಂಡುಹಿಡಿದ ಲೆಕ್ಕ ಅದು. ಆ ತಾಳೆಗೆ ಹೊಂದದವನ್ನು ತೆಗೆದುಹಾಕಿದರೆ ಉಳಿಯುವುದು 1 ಲಕ್ಷ ಸಂಖ್ಯೆ ಮಾತ್ರ. ಮನುಷ್ಯನಿಗೆ ಅದು ದೊಡ್ಡದು. ಕಂಪ್ಯೂಟರಿಗೆ ಕಣ್ಣು ಮಿಟುಕಿಸುವಷ್ಟರ ಕೆಲಸ. ಜಸ್ಪೇ ದಾಖಲೆಗಳಲ್ಲಿ ಪ್ರತಿ ಕಾರ್ಡಿಗೂ ಪೂರ್ತಿ ಸಂಖ್ಯೆಯಿಂದ ಹುಟ್ಟಿಸಿದ ಒಂದು ಗುರುತೂ ಇತ್ತು. ಆ ಗುರುತು ಹುಟ್ಟಿಸುವ ಸೂತ್ರ ಸಿಕ್ಕರೆ ಲಕ್ಷ ಸಂಖ್ಯೆಗಳನ್ನು ಒಂದೊಂದಾಗಿ ಹಾಕಿ ನೋಡಿ ಅಸಲಿ ಸಂಖ್ಯೆ ಹಿಡಿಯಬಹುದು ಎಂಬುದು ರಾಜಹರಿಯಾ ಅವರ ಆತಂಕ. ಸೂತ್ರಕ್ಕೆ ಗುಪ್ತ ಬೆರಕೆ ಸೇರಿಸಿದ್ದೇವೆ, ಹಾಗೆ ಹಿಡಿಯಲಾಗದು ಎಂಬುದು ಕಂಪನಿಯ ಉತ್ತರ. ಆ ಉತ್ತರ ನಿಲ್ಲುವುದು ಬೆರಕೆ ಗುಟ್ಟಾಗಿ ಉಳಿಯುವವರೆಗೆ. 3.5 ಕೋಟಿ ದಾಖಲೆಗಳ ಭದ್ರತೆ ಅಷ್ಟು ಸಣ್ಣ ಗುಟ್ಟಿಗೆ ಜೋತುಬೀಳಬಾರದು ಎಂಬುದು ನನ್ನ ನಿಲುವು. ಕಾರ್ಡ್ ಸಂಖ್ಯೆ ಅಲ್ಲಿ ಇರಲೇಬಾರದು.

ರಿಸರ್ವ್ ಬ್ಯಾಂಕ್ ಕೊನೆಗೂ ಅದೇ ದಾರಿ ಹಿಡಿಯಿತು. ವ್ಯಾಪಾರಿಗಳು ಗ್ರಾಹಕರ ಕಾರ್ಡ್ ಸಂಖ್ಯೆ ಇಟ್ಟುಕೊಳ್ಳುವ ಹಾಗಿಲ್ಲ ಎಂದು 2020ರ ಮಾರ್ಚಿನಲ್ಲೇ ಹೇಳಿತ್ತು. ಕಂಪನಿಗಳು ಸಮಯ ಕೇಳಿದವು, ಗಡುವು ಮತ್ತೆ ಮತ್ತೆ ಮುಂದೆ ಹೋಯಿತು, ಕಡೆಗೆ 2022ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಈಗ ಆನ್‌ಲೈನ್ ಅಂಗಡಿಯಲ್ಲಿ ಕಾರ್ಡನ್ನು ಉಳಿಸಿಡಲು ಒಪ್ಪಿದರೆ ಅಲ್ಲಿ ಕೂರುವುದು ಸಂಖ್ಯೆಯಲ್ಲ, ಟೋಕನ್. ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟಾಗ ಕೊಡುವ ಬಿಲ್ಲೆಯ ಹಾಗೆ: ಆ ಬಿಲ್ಲೆ ಆ ದೇವಸ್ಥಾನದ ಕಟ್ಟೆಯಲ್ಲಿ ಮಾತ್ರ ನಡೆಯುತ್ತದೆ, ಬೇರೆಲ್ಲಿ ತೋರಿಸಿದರೂ ಯಾರೂ ಚಪ್ಪಲಿ ಕೊಡುವುದಿಲ್ಲ. ಒಂದು ಅಂಗಡಿಯ ಟೋಕನ್ ಕದ್ದವನಿಗೆ ಇನ್ನೊಂದು ಅಂಗಡಿಯಲ್ಲಿ ಅದರಿಂದ ಬಿಡಿಗಾಸಿನ ಪ್ರಯೋಜನವಿಲ್ಲ. ಯಾವ ಟೋಕನ್ ಯಾವ ಕಾರ್ಡಿನದು ಎಂಬ ಪಟ್ಟಿ ಇರುವುದು ವೀಸಾ, ರುಪೇಯಂಥ ಕಾರ್ಡ್ ಜಾಲ ಮತ್ತು ಬ್ಯಾಂಕಿನ ಬಳಿ ಮಾತ್ರ. ನಮ್ಮ ದೇಶದ ಪಾವತಿ ವ್ಯವಸ್ಥೆಯಲ್ಲಿ ಇತ್ತೀಚೆಗೆ ಆದ ಅತ್ಯಂತ ಒಳ್ಳೆಯ ಕೆಲಸಗಳಲ್ಲಿ ಇದೊಂದು ಎಂದು ನಾನು ಎಣಿಸುತ್ತೇನೆ.

ಒಂದು ಕಿಂಡಿ ಮಾತ್ರ ಉಳಿದಿದೆ. ನಮ್ಮ ದೇಶದೊಳಗಿನ ಆನ್‌ಲೈನ್ ಪಾವತಿಗೆ 2009ರಿಂದ ಎರಡನೆಯ ದೃಢೀಕರಣ ಕಡ್ಡಾಯ. ಒಟಿಪಿ ಬಂದದ್ದು ಹಾಗೆ. ಹೊರದೇಶದ ಎಷ್ಟೋ ಜಾಲತಾಣಗಳಿಗೆ ಅದು ಬೇಕಿಲ್ಲ. ಕಾರ್ಡ್ ಸಂಖ್ಯೆ, ಅವಧಿ, ಹಿಂಬದಿಯ ಮೂರು ಅಂಕಿ ಸಿಕ್ಕರೆ ಅಲ್ಲಿ ಹಣ ಕಡಿತವಾಗುತ್ತದೆ, ನಿಮ್ಮ ಫೋನಿಗೆ ಒಟಿಪಿ ಬರುವುದೇ ಇಲ್ಲ. "ಒಟಿಪಿ ಹೇಳಿದ್ರಾ?" ಎಂಬ ಪ್ರಶ್ನೆಗೆ ಇಲ್ಲಿ ಅರ್ಥವೇ ಇಲ್ಲ. ಇದನ್ನು ಮುಚ್ಚುವ ಗುಂಡಿ ನಿಮ್ಮ ಕೈಯಲ್ಲೇ ಇದೆ. 2020ರ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ವಿದೇಶಿ ಬಳಕೆ, ಆನ್‌ಲೈನ್ ಬಳಕೆ, ತಾಕಿಸಿ ಪಾವತಿಸುವ ಬಳಕೆ ಇವುಗಳಲ್ಲಿ ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ತೆರೆಯುವ, ಮುಚ್ಚುವ ಅವಕಾಶವನ್ನು ಬ್ಯಾಂಕು ಕೊಡಲೇಬೇಕು. ಬ್ಯಾಂಕಿನ ಆ್ಯಪಿನಲ್ಲಿ ಅದಿರುತ್ತದೆ. ಸ್ಮಾರ್ಟ್‌ಫೋನ್ ಇಲ್ಲದವರು ಶಾಖೆಯಲ್ಲೇ ಕೇಳಿ ಮಾಡಿಸಿಕೊಳ್ಳಬಹುದು. ದುಬೈನಲ್ಲೋ ಅಮೆರಿಕದಲ್ಲೋ ಕಾರ್ಡು ಬಳಸುವ ಅಗತ್ಯವಿಲ್ಲದವರು ವಿದೇಶಿ ಬಳಕೆಯನ್ನು ಇವತ್ತೇ ಮುಚ್ಚಿಸಿಬಿಡಿ.

ಇಷ್ಟಾದರೂ ಹಣ ಹೋಯಿತು ಎಂದಿಟ್ಟುಕೊಳ್ಳೋಣ. ಆಗ ನಿಮ್ಮ ಬೆನ್ನಿಗೆ ನಿಲ್ಲುವುದು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ. ಅದೇ ವರ್ಷ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಅಂಥದೇ ಸುತ್ತೋಲೆ ಹೊರಟಿತು. ತಪ್ಪು ಬ್ಯಾಂಕಿನದಾದರೆ ಗ್ರಾಹಕ ಒಂದು ರೂಪಾಯಿಯನ್ನೂ ಹೊರಬೇಕಿಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ನಡುವಿನ ವ್ಯವಸ್ಥೆಯಲ್ಲಿ ಎಲ್ಲೋ ಆಗಿದೆ ಎಂದಾದರೆ (ಮೇಲೆ ಹೇಳಿದ ಕಳವುಗಳೆಲ್ಲ ಈ ಬಗೆಯವು), ಬ್ಯಾಂಕಿನಿಂದ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದರೆ ಪೂರ್ತಿ ಹಣ ವಾಪಸು. 4ರಿಂದ 7 ದಿನವಾದರೆ ಗ್ರಾಹಕನ ಪಾಲಿನ ನಷ್ಟಕ್ಕೆ ಮಿತಿ ಇದೆ: ಜನಧನ್‌ನಂಥ ಮೂಲ ಉಳಿತಾಯ ಖಾತೆಗೆ 5,000 ರೂಪಾಯಿ, ಸಾಮಾನ್ಯ ಉಳಿತಾಯ ಖಾತೆಗೆ ಮತ್ತು 5 ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೆ 10,000. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿಯ ನೀತಿಯಂತೆ. ತಿಳಿಸಿದ 10 ಕೆಲಸದ ದಿನಗಳೊಳಗೆ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ತುಂಬಬೇಕು, 90 ದಿನದೊಳಗೆ ದೂರನ್ನು ತೀರ್ಮಾನಿಸಬೇಕು. ತಪ್ಪು ಗ್ರಾಹಕನದೇ ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು. ಕೌಂಟರಿನಲ್ಲಿ ತಲೆ ತಗ್ಗಿಸಿ ನಿಲ್ಲಬೇಕಾದವರು ನೀವಲ್ಲ. ಗ್ರಾಹಕನೇ ಒಟಿಪಿ, ಪಿನ್ ಕೊಟ್ಟಿದ್ದರೆ ಮಾತು ಬೇರೆ. ಆಗಲೂ ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದೇ.

ದಿನ ಎಣಿಸುವ ರೀತಿ ಗೊತ್ತಿರಲಿ. ಸಂದೇಶ ಬಂದ ದಿನ ಲೆಕ್ಕಕ್ಕಿಲ್ಲ. ನಿಮ್ಮ ಶಾಖೆ ತೆರೆದಿರುವ ದಿನಗಳು ಮಾತ್ರ ಲೆಕ್ಕ. ಎರಡನೆಯ ಶನಿವಾರಕ್ಕೆ ಮುಂಚಿನ ಶುಕ್ರವಾರ ಸಂಜೆ ಹಣ ಹೋದ ಸಂದೇಶ ಬಂದರೆ, ಶನಿವಾರ ಭಾನುವಾರ ರಜೆ ಕಳೆದು ಸೋಮ, ಮಂಗಳ, ಬುಧ ನಿಮ್ಮ ಮೂರು ದಿನ. ಹಾಗೆಂದು ಸೋಮವಾರದವರೆಗೆ ಕಾಯಬೇಡಿ. ಬ್ಯಾಂಕಿನ ಸಹಾಯವಾಣಿ ಹಗಲೂ ರಾತ್ರಿ ಇರಬೇಕೆಂದು ಅದೇ ಸುತ್ತೋಲೆ ಹೇಳಿದೆ. ತಕ್ಷಣ ಕಾರ್ಡು ನಿಲ್ಲಿಸಿ. ಬೆನ್ನಿಗೇ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮುನ್ನ ತಡೆಹಿಡಿಯುವ ಅವಕಾಶ ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು.

ಇಲ್ಲಿ ನನ್ನ ದೊಡ್ಡ ತಕರಾರಿದೆ. ಮೂರು ದಿನದ ಗಡುವು ಶುರುವಾಗುವುದು ಬ್ಯಾಂಕಿನ ಎಸ್ಎಂಎಸ್‌ನಿಂದ. ಹೆಬ್ಬೂರಿನ ಸುತ್ತಮುತ್ತ ಹೆಚ್ಚಿನವರ ಫೋನಿಗೆ ಅದು ಬರುವುದು ಇಂಗ್ಲಿಷಿನಲ್ಲಿ. ಖಾತೆಯ ಕೊನೆಯ ನಾಲ್ಕಂಕಿ, ಮೊಟಕುಗೊಂಡ ಪದಗಳು, ಯಾವುದೋ ಕಂಪನಿಯ ಅರ್ಧ ಹೆಸರು, ಕೊನೆಗೊಂದು ಫೋನ್ ನಂಬರು. ಕನ್ನಡ ಬಲ್ಲ, ಲೆಕ್ಕ ಬಲ್ಲ, ಹತ್ತು ಎಕರೆ ತೋಟ ನಡೆಸುವ ರೈತನಿಗೂ ಅದು ಹಣ ಬಂದ ಸಂದೇಶವೋ, ಹೋದ ಸಂದೇಶವೋ, ಸಾಲದ ಜಾಹೀರಾತೋ ತಿಳಿಯುವುದಿಲ್ಲ. ಸಂಜೆ ಮಗನೋ ಮೊಮ್ಮಗಳೋ ಬಂದು ಓದಬೇಕು. ಅವರು ಬೆಂಗಳೂರಿನಲ್ಲಿದ್ದರೆ ಭಾನುವಾರದವರೆಗೆ ಕಾಯಬೇಕು. ಅರ್ಥವಾಗದ ಭಾಷೆಯಲ್ಲಿ ಸೂಚನೆ ಕೊಟ್ಟು ಅಲ್ಲಿಂದ ದಿನ ಎಣಿಸುವುದು ನ್ಯಾಯವಲ್ಲ. ಕನ್ನಡದಲ್ಲಿ ಸಂದೇಶ ಕಳಿಸುವುದು ತಾಂತ್ರಿಕವಾಗಿ ಕಷ್ಟದ ಮಾತೇನಲ್ಲ, ಮೊಬೈಲ್ ಕಂಪನಿಗಳು ರೀಚಾರ್ಜಿನ ಜಾಹೀರಾತನ್ನು ವರ್ಷಗಳಿಂದ ಕನ್ನಡದಲ್ಲೇ ಕಳಿಸುತ್ತಿವೆ. ಖಾತೆ ತೆರೆಯುವ ಅರ್ಜಿಯಲ್ಲೇ ಭಾಷೆಯ ಆಯ್ಕೆ ಇರಬೇಕು. ಕನ್ನಡ ಆರಿಸಿದವರಿಗೆ ಹಣ ಹೋದ ಸಂದೇಶ ಕನ್ನಡದಲ್ಲಿ ಬರುವವರೆಗೆ ಆ ಗಡುವನ್ನು ಅವರ ಮೇಲೆ ಹೇರಬಾರದು.

ಕಳವಾದಾಗ ಕಂಪನಿಗಳು ಬಾಯಿ ಬಿಡದಿರುವುದಕ್ಕೂ ಕಾನೂನು ಈಗ ಕೈ ಹಾಕಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ ಮಾಹಿತಿ ಸೋರಿದರೆ ಸಂಬಂಧಪಟ್ಟ ಪ್ರತಿಯೊಬ್ಬರಿಗೂ ತಿಳಿಸಬೇಕು. ತಿಳಿಸದಿದ್ದರೆ ದಂಡ 200 ಕೋಟಿ ರೂಪಾಯಿವರೆಗೆ, ಭದ್ರತೆಯಲ್ಲೇ ಲೋಪವಾದರೆ 250 ಕೋಟಿವರೆಗೆ. ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಸಮಯ ಕೊಟ್ಟಿದ್ದಾರೆ. ಈ ದಂಡ ಸರಕಾರಕ್ಕೆ ಹೋಗುತ್ತದೆ, ಕಳೆದುಕೊಂಡವನಿಗಲ್ಲ. ಆದ್ದರಿಂದ ನಿಮ್ಮ ಹಣ ವಾಪಸು ಪಡೆಯುವ ದಾರಿ 2017ರ ಸುತ್ತೋಲೆಯೇ.

ಆ ದಾರಿಯಲ್ಲಿ ಬೇಕಾದದ್ದು ಕಾಗದ. ಬಾಯಿಮಾತಿನ ದೂರಿಗೆ ಬೆಲೆಯಿಲ್ಲ. ಸಹಾಯವಾಣಿಗೆ ಕರೆ ಮಾಡಿದಾಗ ಕೊಡುವ ದೂರಿನ ಸಂಖ್ಯೆ, ಕರೆ ಮಾಡಿದ ದಿನ, ಸಮಯ ಎಲ್ಲವನ್ನೂ ಬರೆದಿಟ್ಟುಕೊಳ್ಳಿ. 1930ರಿಂದ ಬರುವ ಸ್ವೀಕೃತಿ ಸಂದೇಶವನ್ನು ಅಳಿಸಬೇಡಿ. ಶಾಖೆಗೆ ಕನ್ನಡದಲ್ಲೇ ಒಂದು ಅರ್ಜಿ ಬರೆದು ಎರಡು ಪ್ರತಿ ಒಯ್ಯಿರಿ; ಯಾವ ದಿನ ಸಂದೇಶ ಬಂತು, ಎಷ್ಟು ಹಣ ಹೋಯಿತು, ಈ ವಹಿವಾಟು ನಾನು ಮಾಡಿದ್ದಲ್ಲ, ಯಾರಿಗೂ ಒಟಿಪಿ ಅಥವಾ ಪಿನ್ ಹೇಳಿಲ್ಲ ಎಂಬಷ್ಟು ಸಾಕು. ಒಂದು ಪ್ರತಿಯ ಮೇಲೆ ತಾರೀಖು ಸಹಿತ ಬ್ಯಾಂಕಿನ ಸೀಲು ಹಾಕಿಸಿಕೊಳ್ಳದೆ ಎದ್ದುಬರಬೇಡಿ. 30 ದಿನದೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆ ಮಾಹಿತಿಗೆ ಫೋನ್ ನಂಬರು 14448. ಕೇಳುವಾಗ ಸೀಲು ಬಿದ್ದ ಆ ಪ್ರತಿ ಕೈಯಲ್ಲಿರಲಿ.